ಬಿಳಿ ಅಂಗಿಯ ಪರೀಕ್ಷೆ

ಮಿಸ್ತ್ರಿ ತೀರಿಕೊಂಡ ದಿನ ಬೈಲಹೊಂಗಲದಲ್ಲಿ ಒಂದು ಪವಾಡ ನಡೆಯಿತು. ಬದುಕಿದ್ದಾಗ ಅವರನ್ನು ಬೈದುಕೊಂಡು ಓಡಾಡಿದವರೆಲ್ಲ ಬೆಳಗಾಗುವಷ್ಟರಲ್ಲಿ ಅವರ ಜೀವದ ಗೆಳೆಯರಾಗಿಬಿಟ್ಟಿದ್ದರು. ಬಸ್ ಸ್ಟ್ಯಾಂಡಿನ ಹತ್ತಿರದ ಚಹಾದಂಗಡಿಯಲ್ಲಿ ಒಬ್ಬ, "ಭಾಳ ಸಮಾಧಾನದ ಮನಶ್ಯಾ ಇದ್ದರಿ" ಅಂದ. ಇದೇ ಮಹಾಶಯನನ್ನು ಮಿಸ್ತ್ರಿ ಒಮ್ಮೆ ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡು ನೀರಿನ ಟಾಕಿಯ ತನಕ ಅಟ್ಟಿಸಿಕೊಂಡು ಹೋಗಿದ್ದರು. ಇನ್ನೊಬ್ಬ, "ಅವರ ಬಾಯಾಗ ಒಂದ ಕೆಟ್ಟ ಮಾತ ಬರ್ತಿದ್ದಿಲ್ಲ" ಅಂದ. ಅದೇನೋ ನಿಜ. ಒಂದು ಬರುತ್ತಿರಲಿಲ್ಲ, ಬಂದರೆ ಹತ್ತು ಹನ್ನೆರಡು ಒಟ್ಟಿಗೇ ಬರುತ್ತಿದ್ದವು. ಸತ್ತವರ ಬಗ್ಗೆ ಸುಳ್ಳು ಹೇಳುವುದಕ್ಕೆ ನಮ್ಮಲ್ಲಿ ಸಂಸ್ಕಾರ ಎನ್ನುತ್ತಾರೆ. ನನಗೆ ಅಷ್ಟು ಸಂಸ್ಕಾರವಿಲ್ಲ, ಆದ್ದರಿಂದ ಇದ್ದದ್ದನ್ನು ಇದ್ದಹಾಗೆ ಬರೆಯುತ್ತೇನೆ.

ಅವರ ಹೆಸರು ಹೇಳುವುದಿಲ್ಲ. ಹೇಳಿದರೂ ಊರಿನ ಅರ್ಧ ಜನಕ್ಕೆ ಗುರುತು ಹತ್ತುವುದಿಲ್ಲ, ಏಕೆಂದರೆ ಮಿಸ್ತ್ರಿ ಎಂದರೆ ಅವರೊಬ್ಬರೇ. ಸವದತ್ತಿ ರಸ್ತೆಯಲ್ಲಿ, ಹತ್ತಿ ಜಿನ್ನಿಂಗ್ ಮಿಲ್ಲಿನ ಗೋಡೆಗೆ ಒರಗಿಕೊಂಡು ಅವರ ಗ್ಯಾರೇಜು. ಬೋರ್ಡಿಲ್ಲ, ಬಾಗಿಲಿಲ್ಲ, ಒಂದು ತಗಡಿನ ಚಪ್ಪರ. ಉದ್ದನೆಯ ತೆಳ್ಳನೆಯ ಆಸಾಮಿ, ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿರುತ್ತಿತ್ತು. ಉಳಿದ ದಿನ ಅವರ ಮೈಯಿಂದ ಸೀಮೆಎಣ್ಣೆಯ ವಾಸನೆ ಬರುತ್ತಿತ್ತು, ಶುಕ್ರವಾರ ಮಾತ್ರ ಸೀಮೆಎಣ್ಣೆಯ ಮೇಲೆ ಅತ್ತರಿನ ವಾಸನೆ.

ಲೋಕದ ಮೆಕ್ಯಾನಿಕ್ಕುಗಳೆಲ್ಲ ಗಾಡಿ ಬಂದ ಕೂಡಲೇ ಬಾನೆಟ್ ಎತ್ತುತ್ತಾರೆ. ಮಿಸ್ತ್ರಿ ಹಾಗಲ್ಲ, ನೆಟ್ಟಗೆ ಗಾಡಿಯ ಹಿಂದಕ್ಕೆ ಹೋಗುತ್ತಿದ್ದರು. ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದು, ಆ ಅಂಗೈಯನ್ನು ಮೂಗಿನ ಹತ್ತಿರ ತಂದು ಮೂಸುತ್ತಿದ್ದರು. ಮದುವೆ ಮನೆಯಲ್ಲಿ ಹಿರಿಯ ಅಡುಗೆಯವನು ಸಾರಿನ ಹದ ನೋಡುವುದು ಹಾಗೆಯೇ. ಗಾಡಿಯ ಮಾಲೀಕ ಎಂಜಿನ್ನಿನ ಮುಂದೆ ನಿಂತು ತನ್ನ ಗಾಡಿಯ ಗುಣಗಾನ ಶುರು ಮಾಡಿದರೆ ಹಿಂದಿನಿಂದಲೇ ಕೂಗುತ್ತಿದ್ದರು:

"ಮುಂದ ನಿಂತ ಏನ ನೋಡ್ತಿ? ಹಿಂದ ಬಾ."

ಇದು ಅವರ ತಾರಕಮಂತ್ರ. ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದರು.

ಆಗ ನನಗೊಂದು ಬೇಕರಿ ಇತ್ತು, ಜೊತೆಗೊಂದು ಮುದಿ ಡೀಸೆಲ್ ಪಿಕಪ್. ನನ್ನ ಕೈಗೆ ಬರುವ ಮೊದಲು ಅದು ಮೂವರನ್ನು ಕಂಡಿತ್ತು, ಮೂವರೂ ಅದನ್ನು ಮಾರಿದ ದಿನ ಸಿಹಿ ಹಂಚಿದ್ದರೆಂದು ಆಮೇಲೆ ತಿಳಿಯಿತು. ಒಂದು ದಿನ ಕಿತ್ತೂರು, ಒಂದು ದಿನ ಸವದತ್ತಿ ಮತ್ತು ಉಗರಗೋಳ, ಇನ್ನೊಂದು ದಿನ ಕಟಕೋಳದ ಮೇಲೆ ಹಾದು ರಾಮದುರ್ಗ. ಹೀಗೆ ಬ್ರೆಡ್ಡು, ಟೋಸ್ಟು, ಖಾರಿಗಳನ್ನು ಅಂಗಡಿಗಳಿಗೆ ಹಾಕಿ ಬರುವುದು ನನ್ನ ದಂಧೆ. ಗಾಡಿ ಬಿಡುತ್ತಿದ್ದ ಹೊಗೆಯಲ್ಲಿ ಅರ್ಧ ರಸ್ತೆಯ ಪಾಲಾದರೆ ಇನ್ನರ್ಧ ತಿರುಗಿ ಬಂದು ನನ್ನ ಬ್ರೆಡ್ಡಿನ ಟ್ರೇಗಳಲ್ಲಿ ಕೂರುತ್ತಿತ್ತು. ರಾಮದುರ್ಗದ ಚಹಾದಂಗಡಿಯವನು ಒಮ್ಮೆ, "ಸಾವಕಾರ್ರ, ನಿಮ್ಮ ಟೋಸ್ಟ್ ಚಹಾದಾಗ ಅದ್ದಿದ್ರ ಮ್ಯಾಲೆ ಎಣ್ಣಿ ತೇಲತೈತಿ" ಅಂದ. ಅದು ತುಪ್ಪ ಎಂದು ಹೇಳಿ ಬಂದೆ. ವ್ಯಾಪಾರದಲ್ಲಿ ಧೈರ್ಯ ಬೇಕು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಸರಕಾರಕ್ಕೆ ಇದ್ದಕ್ಕಿದ್ದಂತೆ ನಮ್ಮ ಪುಪ್ಪುಸಗಳ ಮೇಲೆ ಪ್ರೀತಿ ಉಕ್ಕಿತು. ಹೊಗೆ ತಪಾಸಣೆಯ ಚೀಟಿ ಇಲ್ಲದಿದ್ದರೆ ಹಳೆಯ ಗಾಡಿಗೆ ರಸ್ತೆಗಿಳಿಯುವ ಪಾಸಿಂಗ್ ಇಲ್ಲ ಎಂದು ಬಿಗಿ ಮಾಡಿದರು. ನನ್ನ ಗಾಡಿಯ ಪಾಸಿಂಗ್ ಮುಗಿಯುವುದಕ್ಕೆ ಮೊದಲು ಆರ್‌ಟಿಓದವರು ಊರಲ್ಲಿ ನಡೆಸುವ ಕ್ಯಾಂಪು ಒಂದೇ ಉಳಿದಿತ್ತು. ಅದರಲ್ಲಿ ಫೇಲಾದರೆ ಗಾಡಿ ಮನೆಯ ಮುಂದೆ ನಿಲ್ಲುತ್ತದೆ. ಗಾಡಿ ನಿಂತರೆ ನನ್ನ ಅಂಗಡಿಗಳೆಲ್ಲ ಸವದತ್ತಿಯಲ್ಲಿ ಹೊಸದಾಗಿ ಬೇಕರಿ ತೆರೆದವನ ಪಾಲು. ಅವನು ಹೊಸ ಟೆಂಪೋ ಬೇರೆ ತಂದಿದ್ದ. ನನ್ನ ಗಿರಾಕಿಗಳನ್ನು ಕಂಡಾಗಲೆಲ್ಲ ಅವನಿಗೆ ನಗು ಬರುತ್ತಿತ್ತು.

ಊರಿನ ಬುದ್ಧಿವಂತರು ಉಪಾಯಗಳನ್ನು ಧಾರಾಳವಾಗಿ ಕೊಟ್ಟರು. ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸು ಎಂದ ಒಬ್ಬ. ಸೈಲೆನ್ಸರಿನೊಳಗೆ ಒದ್ದೆ ಗೋಣಿಚೀಲ ತುರುಕು ಎಂದ ಇನ್ನೊಬ್ಬ. ಅವನ ಗಾಡಿ ಪರೀಕ್ಷೆಯ ಮೈದಾನದಲ್ಲೇ ಆ ಚೀಲವನ್ನು ಉಗುಳಿ ಹೆಸರು ಮಾಡಿತ್ತು. ಎಲ್ಲ ಉಪಾಯಗಳೂ ಮುಗಿದ ಮೇಲೆ ಜನ ಮಿಸ್ತ್ರಿಯ ಹತ್ತಿರ ಹೋಗುತ್ತಿದ್ದರು. ನಾನೂ ಹೋದೆ.

ಮಿಸ್ತ್ರಿ ಮೂಸಿ ನೋಡಿದರು. ಆಮೇಲೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಇದಕ್ಕ ಡೀಸೆಲ್ ಹಾಕ್ತಿಯೋ, ಡಾಂಬರ ಹಾಕ್ತಿಯೋ?"

"ಪಾಸ್ ಆಗ್ತೈತೇನ್ರಿ ಮಿಸ್ತ್ರಿ?"

"ಗಾಡಿ ಆಗ್ತೈತಿ. ನೀ ಆಗೂದ ಕಠಿಣ ಐತಿ."

ಮೊದಲು ಏರ್ ಫಿಲ್ಟರ್ ಬಿಚ್ಚಿದರು. ಬೈಲಹೊಂಗಲ ಎಂದರೆ ಹತ್ತಿಯ ಊರು. ಸುಗ್ಗಿಯಲ್ಲಿ ರಸ್ತೆಯ ಮೇಲೆಲ್ಲ ಅರಳೆ ಹಾರಾಡುತ್ತಿರುತ್ತದೆ. ಅದನ್ನೆಲ್ಲ ನನ್ನ ಗಾಡಿ ವರ್ಷಗಟ್ಟಲೆ ಒಳಗೆಳೆದುಕೊಂಡು ಕೂತಿತ್ತು. ಮಿಸ್ತ್ರಿ ಎಳೆದಷ್ಟೂ ಕರಿ ಅರಳೆ ಬಂತು. ಅದನ್ನೆಲ್ಲ ಗುಡ್ಡೆ ಹಾಕಿ ಗಂಭೀರವಾಗಿ, "ತಲಿದಿಂಬಿಗೆ ಸಾಕು. ಇನ್ನ ಎರಡ ವರ್ಷ ಬಿಟ್ಟ ಬಂದಿದ್ರ ಗಾದಿನೂ ಆಗ್ತಿತ್ತು" ಅಂದರು. ಆಮೇಲೆ ಡೀಸೆಲ್ ಚಿಮ್ಮಿಸುವ ನಾಝಲ್‌ಗಳನ್ನು ತೆಗೆದು ಕೈಪಂಪಿಗೆ ಹಚ್ಚಿ ತೋರಿಸಿದರು. ಡೀಸೆಲ್ಲು ಮಂಜಿನ ಹಾಗೆ ಹರಡಬೇಕಂತೆ. ನನ್ನದು ಎಮ್ಮೆ ಉಚ್ಚೆ ಹೊಯ್ದ ಹಾಗೆ ಸುರಿಯಿತು. ಹೋಲಿಕೆ ನನ್ನದಲ್ಲ, ಅವರದ್ದೇ, ಅದೂ ನಾಲ್ಕು ಜನ ಗಿರಾಕಿಗಳ ಮುಂದೆ. ನಾಝಲ್ ಬದಲಾದವು, ಟ್ಯಾಪೆಟ್ ಸರಿಯಾದವು. ಸೈಲೆನ್ಸರನ್ನು ಬಿಚ್ಚಿ ಸಗಣಿ ಕುಳ್ಳಿನ ಬೆಂಕಿಯಲ್ಲಿ ಮಲಗಿಸಿ, ಒಳಗಿನ ಮಸಿ ಸುಟ್ಟು ಬೂದಿಯಾಗುವ ತನಕ ಕಾಯಿಸಿ, ಕೊಡತಿಯಿಂದ ಬಡಿದು ಕೊಡವಿದರು.

ಕೊನೆಗೆ ಪಂಪಿನ ಮೇಲಿನ ಒಂದು ಸಣ್ಣ ತಿರುಪು. ಎಂಜಿನ್ನಿಗೆ ಎಷ್ಟು ಡೀಸೆಲ್ ಹೋಗಬೇಕು ಎಂಬುದು ಅದರ ಕೈಯಲ್ಲಿದೆ. ಹೊರಕ್ಕೆ ತಿರುವಿದರೆ ಗಾಡಿಗೆ ಜೋರು ಬರುತ್ತದೆ, ಕರಿ ಹೊಗೆಯೂ ಬರುತ್ತದೆ. ಮಿಸ್ತ್ರಿ ಅದನ್ನು ಮುಕ್ಕಾಲು ಸುತ್ತು ಒಳಗೆ ತಿರುವಿ, ಕಿಸೆಯಿಂದ ಒಂದು ಪುಟ್ಟ ಸೀಸೆ ತೆಗೆದು ತಿರುಪಿನ ತಲೆಗೆ ಕೆಂಪು ಬಣ್ಣ ಹಚ್ಚಿದರು. ಯಾರಾದರೂ ಮುಟ್ಟಿದರೆ ಬಣ್ಣ ಒಡೆಯಬೇಕು. ಸೀಸೆ ಅವರ ಹೆಂಡತಿಯ ನೇಲ್ ಪಾಲಿಶಿನದು.

"ಇದನ್ನ ಮುಟ್ಟಬ್ಯಾಡ. ಏರಿನ್ಯಾಗ ಗಾಡಿ ಸಾವಕಾಶ ಹೋಗ್ತೈತಿ, ಹೋಗ್ಲಿ. ನಿನ್ನ ಖಾರಿ ಏನ ಓಡಿ ಹೋಗೂದಿಲ್ಲ. ನನ್ನ ಕೈಯಾಗಿಂದ ಹ್ವಾದ ಗಾಡಿ ಕರಿ ಹೊಗಿ ಬಿಡೂದಿಲ್ಲ ಅಂತ ಊರಿಗೆ ಮಾತ ಕೊಟ್ಟೇನಿ. ಆ ಮಾತ ಈಗ ನಿನ್ನ ಗಾಡ್ಯಾಗ ಕುಂತೈತಿ, ತಿಳೀತೇನ?"

ತಿಳಿಯಿತು ಎಂದು ತಲೆ ಆಡಿಸಿದೆ. ತಲೆ ಆಡಿಸುವುದಕ್ಕೆ ಏನು ಖರ್ಚು?

ಇಷ್ಟಕ್ಕೇ ಅವರು ಗಾಡಿ ಬಿಟ್ಟು ಕೊಡುತ್ತಿರಲಿಲ್ಲ. "ನಾಳೆ ಬಿಳಿ ಅಂಗಿ ಹಾಕ್ಕೊಂಡ ಬಾ" ಎನ್ನುತ್ತಿದ್ದರು. ಮಾಲೀಕ ಒಗೆದ ಬಿಳಿ ಅಂಗಿ ತೊಟ್ಟು ಸೈಲೆನ್ಸರಿಗೆ ಎರಡು ಗೇಣು ದೂರದಲ್ಲಿ ಕುಕ್ಕರುಗಾಲಲ್ಲಿ ಕೂರಬೇಕು. ಮಿಸ್ತ್ರಿ ಆಕ್ಸಲರೇಟರನ್ನು ನೆಲಕ್ಕೆ ಒತ್ತುತ್ತಾರೆ, ಮೂರು ಸಲ. ಅಂಗಿ ಬಿಳಿಯಾಗಿ ಉಳಿದರೆ ಗಾಡಿ ತಯಾರು. ಕರಿದಾದರೆ ಎರಡೂ ಮತ್ತೆ ತೊಳೆಯುವುದಕ್ಕೆ. ಊರಲ್ಲಿ ಯಾರಾದರೂ ಗರಿಗರಿ ಬಿಳಿ ಅಂಗಿ ಹಾಕಿಕೊಂಡು ಸವದತ್ತಿ ರಸ್ತೆ ಹಿಡಿದರೆ ಮದುವೆಗೋ ಮಿಸ್ತ್ರಿಯ ಹತ್ತಿರವೋ ಎಂದು ಜನ ಕೇಳುತ್ತಿದ್ದರು. ಕಟಕೋಳದ ಟೆಂಪೋದವನೊಬ್ಬ ಜಾಣತನದಿಂದ ಕಾಫಿ ಬಣ್ಣದ ಅಂಗಿ ಹಾಕಿಕೊಂಡು ಬಂದಿದ್ದ. ಅವನನ್ನು ಎದುರಿನ ಕ್ಷೌರದಂಗಡಿಗೆ ಕಳಿಸಿ, ಅಲ್ಲಿಯ ಬಿಳಿ ಬಟ್ಟೆಯನ್ನು ಕುತ್ತಿಗೆಗೆ ಕಟ್ಟಿಸಿ ಕೂರಿಸಿದರು.

ಒಬ್ಬ ಪುಢಾರಿಯ ಜೀಪೂ ಬಂದಿತ್ತು. ಅವರು ಸ್ಟಾರ್ಚ್ ಹಾಕಿದ ಧೋತರ ಜುಬ್ಬಾದಲ್ಲಿದ್ದರು. ಡ್ರೈವರನನ್ನು ಕೂರಿಸಿ ಎಂದರು. ಮಿಸ್ತ್ರಿ ಕೈಮುಗಿದು ಹೇಳಿದರು: "ಮುಂದ ಕುಂತು ಭಾಳ ವರ್ಷ ಆತ್ರಿ ಸಾಹೇಬ್ರ. ಒಮ್ಮೆ ಹಿಂದ ಕುಂದರ್ರಿ. ಮಂದಿ ಏನ ಕುಡ್ಯಾಕತ್ತಾರ ಅಂತ ಗೊತ್ತಾಗ್ತೈತಿ." ಸಾಹೇಬರು ಕೂರಲಿಲ್ಲ. ಜೀಪು ಬೇರೆ ಗ್ಯಾರೇಜಿಗೆ ಹೋಯಿತು. ಮಿಸ್ತ್ರಿ ಅದರ ಹೊಗೆ ತಿರುವಿನಲ್ಲಿ ಮರೆಯಾಗುವ ತನಕ ಬೀಳ್ಕೊಡುವವರ ಹಾಗೆ ಕೈ ಬೀಸಿದರು.

ನನ್ನ ಅಂಗಿ ಬಿಳಿಯಾಗಿಯೇ ಉಳಿಯಿತು. ಆ ಮುದಿ ಗಾಡಿ ಅಷ್ಟು ಸಭ್ಯವಾಗಿ ಉಸಿರಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. "ನಾಳೆ ಎಂಜಿನ್ ಬಿಸಿ ಇರೂವಾಗನ ಪರೀಕ್ಷೆಗೆ ನಿಲ್ಲಸು. ಬಂದ್ ಮಾಡಬ್ಯಾಡ. ನಿನ್ನ ಶ್ಯಾಣೇತನ ಏನೂ ತೋರಸಬ್ಯಾಡ" ಎಂದು ಮೂರು ಸಲ ಹೇಳಿದರು.

ಕ್ಯಾಂಪಿನ ದಿನ ನನ್ನ ಹೆಂಡತಿಯೂ ಆರತಿ ತಟ್ಟೆ ಹಿಡಿದು ಮೈದಾನಕ್ಕೆ ಬಂದಳು. ನಮ್ಮ ಸರದಿಗೆ ಇನ್ನೆರಡೇ ಗಾಡಿ ಇದ್ದಾಗ, ಚಾಲೂ ಇರುವ ಗಾಡಿಗೆ ಪೂಜೆ ಹೇಗೆ ಮಾಡುವುದು ಎಂದು ಎಂಜಿನ್ ಬಂದ್ ಮಾಡಿಸಿದಳು. ಕುಂಕುಮ ಹಿಡಿದು ಬಾನೆಟ್ಟಿನ ಕಡೆ ಹೋದವಳು ನಿಂತಳು.

"ಪರೀಕ್ಷಾ ಎಲ್ಲಿ ಮಾಡತಾರ?"

"ಹಿಂದ. ಸೈಲೆನ್ಸರಿಗೆ."

"ಹಂಗಾರ ಪೂಜಾ ಅಲ್ಲೇ ಮಾಡಬೇಕಲ್ಲ."

ತರ್ಕದಲ್ಲಿ ತಪ್ಪು ಹುಡುಕುವುದಕ್ಕೆ ನನಗಾಗಲಿಲ್ಲ. ಆಕೆ ಹಿಂದೆ ಹೋಗಿ ಸೈಲೆನ್ಸರಿಗೆ ವಿಭೂತಿ ಎಳೆದು, ಹೂ ಸಿಕ್ಕಿಸಿ, ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡದಿಂದ ತಂದಿದ್ದ ಭಂಡಾರದಲ್ಲಿ ಒಂದು ಹಿಡಿಯನ್ನು ಭಕ್ತಿಯಿಂದ ಅದರ ಬಾಯೊಳಗೆ ಸುರಿದಳು. ನಾನೂ ಪಕ್ಕದಲ್ಲಿ ನಿಂತು ಕೈಮುಗಿದೆ. ಅಪರಾಧದಲ್ಲಿ ನನ್ನ ಪಾಲು ಇಷ್ಟು.

ತಪಾಸಣೆಯವನು ಮಷೀನಿನ ನಳಿಕೆಯನ್ನು ಸೈಲೆನ್ಸರಿನ ಹತ್ತಿರ ಹಿಡಿದು, "ಹೂಂ, ಒತ್ರಿ" ಅಂದ. ನಾನು ಸ್ಟಾರ್ಟ್ ಮಾಡಿ ಒತ್ತಿದೆ.

ಹಳದಿ ಮೋಡವೊಂದು ಎದ್ದಿತು. ಹಿಂದೆ ಸಾಲಿನಲ್ಲಿದ್ದ ಯಾರೋ ಗುಡ್ಡದ ಜಾತ್ರೆಯ ಅಭ್ಯಾಸಬಲದಿಂದ "ಉಧೋ ಉಧೋ" ಎಂದು ಕೂಗಿದರು. ಮೋಡ ಇಳಿದಾಗ ತಪಾಸಣೆಯವನು ತಲೆಯಿಂದ ಕಾಲಿನ ತನಕ ಅರಿಶಿನ ಹಚ್ಚಿದ ಮದುಮಗನಾಗಿದ್ದ. ಮಷೀನು ಹೊಗೆಗೆ ನೂರಕ್ಕೆ ನೂರು ತೋರಿಸಿ ನಿಂತಿತ್ತು. ನಾನು ಶಾಲೆಯಲ್ಲಿ ಎಂದೂ ಕಾಣದ ಅಂಕ.

"ಕರೇದ ನೋಡೇನಿ, ನೀಲಿ ನೋಡೇನಿ, ಬಿಳಿ ನೋಡೇನಿ. ಇದ್ಯಾವ ಗಾಡೀರಿ?" ಎಂದವನು ನಾಲಿಗೆಗೆ ರುಚಿ ಹತ್ತಿದ ಮೇಲೆ ಅದು ಭಂಡಾರವೆಂದು ತಿಳಿದು ಹೆದರಿದ. ಎರಡೂ ಕೈಯಿಂದ ಕಣ್ಣಿಗೊತ್ತಿಕೊಂಡ. ಆಮೇಲೆ ಅದೇ ಕೈಯಿಂದ ಫೇಲ್ ಎಂದು ಬರೆದ.

ಪಾಸಿಂಗ್ ದಿನ ಮಿಸ್ತ್ರಿ ಮೈದಾನದ ಬದಿಯ ಬೇವಿನ ಮರದ ಕೆಳಗೆ ನಿಂತಿರುತ್ತಿದ್ದರು, ಒಳಗೆ ಬರುತ್ತಿರಲಿಲ್ಲ. ಅವರ ಕೈಯಿಂದ ಹೋದ ಗಾಡಿ ಅದುವರೆಗೆ ಒಂದೂ ಫೇಲಾಗಿರಲಿಲ್ಲ. ಅಂದು ಒಳಗೆ ಬಂದರು. ಶುಕ್ರವಾರವಾದ್ದರಿಂದ ಬಿಳಿ ಅಂಗಿ ಪಾಯಿಜಾಮದಲ್ಲಿದ್ದರು. ನನ್ನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಇವತ್ತು ಇವಳ ಪಾಡು ಮುಗಿಯಿತು ಎಂದುಕೊಂಡೆ.

"ಪರೀಕ್ಷಾ ಹಿಂದ ಐತಿ ಅಂತ ಬರೋಬ್ಬರಿ ತಿಳಕೊಂಡಿ ತಂಗಿ. ಈ ನಿನ್ನ ಗಂಡಗ ಇಷ್ಟ ತಿಳಸಾಕ ನನಗ ಎಂಟ ದಿನಾ ಹಿಡೀತು" ಎಂದರು ಅಷ್ಟೇ. ನನ್ನ ಕಡೆ ತಿರುಗಿ, "ಗಾಡಿ ಮೂರ ಮೈಲ ಓಡಿಸ್ಕೊಂಡ ಬಾ. ಬಂದ್ ಮಾಡಿದಿ ಅಂದ್ರ ನಿನ್ನ ಬಂದ್ ಮಾಡತೇನಿ" ಎಂದರು.

ಓಡಿಸಿಕೊಂಡು ಬಂದೆ. ತಪಾಸಣೆಯವನು ಮುಂದಿನ ಕ್ಯಾಂಪಿಗೆ ಬರ್ರಿ ಎನ್ನುತ್ತಲೇ ಇದ್ದ. ಮಿಸ್ತ್ರಿ ವಾದ ಮಾಡಲಿಲ್ಲ. ಸೈಲೆನ್ಸರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಜುಮ್ಮಾ ನಮಾಜಿನ ಆ ಅಂಗಿಯ ಎದೆಯನ್ನು ಅದಕ್ಕೆ ಕೊಟ್ಟು, "ಒತ್ತು" ಅಂದರು. ಒತ್ತಿದೆ. "ಇನ್ನೊಮ್ಮೆ." ಒತ್ತಿದೆ. ಮೂರನೆಯ ಸಲವೂ ಒತ್ತಿದೆ. ಅವರು ಎದ್ದು ಬಂದು ತಪಾಸಣೆಯವನ ಮುಂದೆ ಎದೆ ತೋರಿಸಿ ನಿಂತರು. ಅಂಗಿ ಹಾಲಿನ ಹಾಗಿತ್ತು.

"ಈಗ ನಿಮ್ಮ ಮಷೀನ್ ಹಚ್ಚರಿ. ನನ್ನ ಅಂಗಿ ಸುಳ್ಳ ಹೇಳಿದ್ರ ಇಲ್ಲೇ ಅದನ್ನ ಸುಟ್ಟ ಹಾಕತೇನಿ."

ಹಚ್ಚಿದ. ಗಾಡಿ ಪಾಸಾಯಿತು. ಹೆಂಡತಿ ಮನೆಗೆ ಬಂದು, ಎಲ್ಲ ತಾಯಿಯ ಕೃಪೆ ಎಂದಳು. ಇದನ್ನು ಮಿಸ್ತ್ರಿಗೆ ಹೇಳಿದಾಗ, ಇರಬಹುದು ಎಂದು ಒಪ್ಪಿಕೊಂಡರು.

ಇಲ್ಲಿಗೆ ನಿಲ್ಲಿಸಿದರೆ ನಾನು ಒಳ್ಳೆಯವನಾಗಿ ಉಳಿಯುತ್ತೇನೆ. ಆದರೆ ಇದ್ದದ್ದನ್ನು ಇದ್ದಹಾಗೆ ಎಂದು ಜಂಬ ಕೊಚ್ಚಿಕೊಂಡಿದ್ದೇನೆ.

ಗಾಡಿ ಸಭ್ಯವಾಯಿತೇನೋ ಹೌದು, ಏರಿನಲ್ಲಿ ಮಾತ್ರ ಸೋತಿತು. ಲೋಡು ಹಾಕಿಕೊಂಡು ಎಲ್ಲಮ್ಮನ ಗುಡ್ಡ ಹತ್ತುವಾಗ ಜನ ನಡೆದುಕೊಂಡೇ ನನ್ನನ್ನು ದಾಟಿ ಹೋಗುತ್ತಿದ್ದರು. ಒಬ್ಬ ಮುದುಕಿ ದಾಟುತ್ತ, "ಹಿಂದಿಂದ ದಬ್ಬಲ್ಯಾ ಯಪ್ಪಾ?" ಎಂದು ಕನಿಕರದಿಂದ ಕೇಳಿದಳು. ಹೊಸ ಟೆಂಪೋದವನು ಹಾರ್ನ್ ಹಾಕಿ ಮುಂದೆ ಹೋಗಿ, ನಾನು ಮುಟ್ಟುವಷ್ಟರಲ್ಲಿ ಅಂಗಡಿಗಳಿಗೆಲ್ಲ ತನ್ನ ಬ್ರೆಡ್ಡು ಹಾಕಿ ಇಳಿದು ಬರುತ್ತಿದ್ದ. ಎರಡು ತಿಂಗಳು ತಡೆದೆ. ಮೂರನೆಯ ತಿಂಗಳು ಉಗರಗೋಳದಲ್ಲಿ ಗಾಡಿ ನಿಲ್ಲಿಸಿ, ತಿರುಪನ್ನು ಮುಕ್ಕಾಲು ಸುತ್ತು ಹೊರಕ್ಕೆ ತಿರುವಿದೆ. ಕೆಂಪು ಬಣ್ಣ ಒಡೆದು ಉದುರಿತು. ಅಲ್ಲಿಯ ಬಳೆ ಅಂಗಡಿಯಲ್ಲಿ ಒಂದು ನೇಲ್ ಪಾಲಿಶ್ ಕೊಂಡು ಹಚ್ಚಿದೆ. ಅಂಗಡಿಯವಳು ಯಾರಿಗೆ ಎಂದು ಕೇಳಿ ನಕ್ಕಳು. ಗಾಡಿ ಗುಡ್ಡವನ್ನು ಕುದುರೆಯ ಹಾಗೆ ಹತ್ತಿತು. ಹಿಂದೆ ಏನಾಗುತ್ತಿದೆ ಎಂದು ನಾನು ನೋಡಲಿಲ್ಲ.

ಅಂದಿನಿಂದ ಮಿಸ್ತ್ರಿಯ ಗ್ಯಾರೇಜು ತಪ್ಪಿಸಲು ಊರು ಸುತ್ತಿ ಹೋಗತೊಡಗಿದೆ. ರಂಜಾನ್ ಹಬ್ಬದ ಬೆಳಗ್ಗೆ ಮಾತ್ರ ಅವಸರವಿತ್ತು, ನೆಟ್ಟಗೆ ಸವದತ್ತಿ ರಸ್ತೆ ಹಿಡಿದೆ. ಹಬ್ಬದ ದಿನ ಗ್ಯಾರೇಜು ಮುಚ್ಚಿರುತ್ತದೆ ಎಂಬ ಧೈರ್ಯ. ಊರ ಹೊರಗೆ ಈದ್ಗಾದ ಹತ್ತಿರ ರಸ್ತೆ ಸ್ವಲ್ಪ ಏರುತ್ತದೆ. ಮುಂದೆ ಒಂದು ಲೂನಾ ಏದುಸಿರು ಬಿಡುತ್ತ ಹೊರಟಿತ್ತು. ನಾನು ಒತ್ತಿ ದಾಟಿದೆ. ದಾಟಿದ ಮೇಲೆ ಕನ್ನಡಿಯಲ್ಲಿ ನೋಡಿದೆ. ಕರಿ ಹೊಗೆ, ಅದರ ನಡುವೆ ಲೂನಾ ನಿಲ್ಲಿಸಿ ಒಂದು ಕಾಲು ನೆಲಕ್ಕೆ ಊರಿ ನಿಂತ ಮಿಸ್ತ್ರಿ. ಹೊಸ ಬಿಳಿ ಬಟ್ಟೆ, ಬಿಳಿ ಟೊಪ್ಪಿಗೆ. ಬಿಳಿ ಎಂದು ನಾನು ಅಂದಾಜಿನ ಮೇಲೆ ಹೇಳುತ್ತಿದ್ದೇನೆ.

ಗಾಡಿ ನಿಲ್ಲಿಸಲಿಲ್ಲ. ನನಗೆ ಅಂಗಡಿಗಳಿದ್ದವು.

ಮುಂದೆ ಆದದ್ದನ್ನು ಅಲ್ಲಿ ನಮಾಜಿಗೆ ನಿಂತಿದ್ದ ಟ್ಯಾಕ್ಸಿ ಡ್ರೈವರನೊಬ್ಬ ಮಧ್ಯಾಹ್ನ ಬೇಕರಿಗೆ ಬಂದಾಗ ಹೇಳಿದ. ಮಿಸ್ತ್ರಿ ಬಂದು, ಬೇರೆಯವರ ಬಟ್ಟೆಗೆ ಮಸಿ ಹತ್ತಬಾರದೆಂದು ಎಲ್ಲರಿಗಿಂತ ಹಿಂದಿನ ಸಾಲಿನ ಕೊನೆಯಲ್ಲಿ ನಿಂತರಂತೆ. ಯಾರದೋ ಗಾಡಿ ಹೀಗೆ ಮಾಡಿತೆಂದು ಎಲ್ಲರಿಗೂ ಗೊತ್ತಾಗಿ, "ಯಾರದ ಗಾಡಿ? ನಿಮ್ಮ ಕೈಯಾಗ ಪಾಸಾದದ್ದೇನು?" ಎಂದು ಒಬ್ಬ ಚುಚ್ಚಿದನಂತೆ. "ಅಲ್ಲ. ಯಾವದೋ ಪರ ಊರಿನ ಗಾಡಿ" ಎಂದರಂತೆ ಮಿಸ್ತ್ರಿ.

ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ. ಅದನ್ನೂ ಹಬ್ಬದ ದಿನ ಈದ್ಗಾದಲ್ಲಿ ಹೇಳಬೇಕಾಯಿತು, ನನ್ನ ಖಾರಿ ಬೇಗ ಮುಟ್ಟಲಿ ಎಂದು. ನನಗೆ ನಾಚಿಕೆಯಾಯಿತು. ಇಷ್ಟು ನೇರವಾಗಿ ಬೇರೆ ಯಾವುದಕ್ಕೂ ಆಗಿರಲಿಲ್ಲ.

ಸಂಜೆ ಗಾಡಿ ತೆಗೆದುಕೊಂಡು ಅವರ ಮನೆಗೆ ಹೋದೆ. ಅವರ ಹೆಂಡತಿ ಬಾಗಿಲಲ್ಲಿ ನಿಂತು, "ಬರ್ರಿ, ಎರಡ ಸರ್ತೆ ಒಗದೇನಿ, ಹೋಗವಲ್ಲದು" ಎಂದರು. ಹಿತ್ತಲ ತಂತಿಯ ಮೇಲೆ ಆ ಅಂಗಿ ಮೋಡದ ಬಣ್ಣದಲ್ಲಿ ತೂಗಾಡುತ್ತಿತ್ತು. ಮಿಸ್ತ್ರಿ ಹೊರಗೆ ಬಂದವರು ನನ್ನ ಮುಖ ನೋಡದೆ ಬಾನೆಟ್ ಎತ್ತಿದರು. ಹಿಂದಕ್ಕೆ ಹೋಗದೆ ಅವರು ಮುಂದೆ ನೋಡಿದ್ದು ಅದೊಂದೇ ಸಲ. ತಿರುಪಿನ ತಲೆ ನೋಡಿದರು.

"ಇದು ಗುಲಾಬಿ. ನಮ್ಮ ಮನ್ಯಾಗ ಈ ಕಲರ್ ಹಚ್ಚೂದಿಲ್ಲ."

ಉಗುರಿನಿಂದ ಆ ಬಣ್ಣ ಕೆರೆದು ಕೇಳಿದರು:

"ಎಷ್ಟ ತಿರುವಿ?"

"ಮುಕ್ಕಾಲ ಸುತ್ತರಿ."

ತಿರುಪುಳಿಯನ್ನು ನನ್ನ ಕೈಗೆ ಕೊಟ್ಟರು. "ತಗದಾಂವ ನೀ, ಹಾಕಾಂವನೂ ನೀನ. ನಾ ಹಬ್ಬದಾಗ ಕೆಲಸಾ ಮಾಡೂದಿಲ್ಲ."

ನಾನು ಒಳಗೆ ತಿರುವಿದೆ. ಅವರ ಹೆಂಡತಿ ಕೆಂಪು ಸೀಸೆ ತಂದುಕೊಟ್ಟರು, ಆಮೇಲೆ ಒಂದು ಬಟ್ಟಲು ಶೀರ್ ಖುರ್ಮಾ. ಕುಡಿದೆ. ಕ್ಷಮಿಸಿದೆ ಎಂದು ಮಿಸ್ತ್ರಿ ಹೇಳಲಿಲ್ಲ, ಕ್ಷಮಿಸಿ ಎಂದು ಕೇಳುವುದಕ್ಕೆ ನನಗೂ ಬಾಯಿ ಬರಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಪಾಸಿಂಗಿಗೂ ಬಿಳಿ ಅಂಗಿ ತೊಟ್ಟು ಹಿಂದೆ ಕೂತೆ. ಗುಡ್ಡದಲ್ಲಿ ಮುದುಕಿಯರಿಗೆ ದಾರಿ ಬಿಟ್ಟೆ. ನಾಲ್ಕು ಅಂಗಡಿ ಹೊಸ ಟೆಂಪೋದವನಿಗೆ ಹೋದವು, ಹೋಗಲಿ. ರಾಮದುರ್ಗದ ಚಹಾದಂಗಡಿಯವನು ಮಾತ್ರ, "ಸಾವಕಾರ್ರ, ಈಗೀಗ ಟೋಸ್ಟಿಗೆ ತುಪ್ಪ ಹಾಕೂದ ಬಿಟ್ಟೀರೇನು?" ಎಂದು ದೂರಿದ.

ಮಿಸ್ತ್ರಿ ಹೋದ ದಿನ ಚಹಾದಂಗಡಿಯ ಹೊಗಳಿಕೆ ಕೇಳಲಾರದೆ ಎದ್ದು, ಲೋಡಾಗಿದ್ದ ಗಾಡಿ ತೆಗೆದುಕೊಂಡು ಸವದತ್ತಿಗೆ ಹೊರಟೆ. ಮಣ್ಣು ಮಾಡುವುದು ಮಧ್ಯಾಹ್ನದ ಮೇಲೆ ಎಂದಿದ್ದರು, ಅಷ್ಟರಲ್ಲಿ ಬರೋಣ ಎಂಬ ಲೆಕ್ಕ. ಆದರೆ ಈದ್ಗಾದ ಏರಿನಲ್ಲಿ ಅವರೇ ನನ್ನ ಮುಂದೆ ಸಿಕ್ಕರು. ಹೇಳಿದ ಹೊತ್ತಿಗಿಂತ ಮುಂಚೆಯೇ ಖಬರಸ್ತಾನಕ್ಕೆ ಹೊರಡಿಸಿದ್ದರು. ನಾಲ್ಕು ಜನರ ಹೆಗಲ ಮೇಲೆ, ಬಿಳಿ ಬಟ್ಟೆಯಲ್ಲಿ, ರಸ್ತೆಯ ತುಂಬ ಜನರ ನಡುವೆ ಅದೇ ಏರನ್ನು ಸಾವಕಾಶ ಹತ್ತುತ್ತಿದ್ದರು.

ಗಾಡಿ ಹಿಂದಿನ ತಿಂಗಳಷ್ಟೇ ಪಾಸಾಗಿತ್ತು. ಅದನ್ನು ಮೂಸಿ ನೋಡಿದ್ದು ಅವರೇ. ತಿರುಪಿನ ಮೇಲೆ ಕೆಂಪು ಬಣ್ಣ ಹಾಗೇ ಇತ್ತು. ಆದರೂ ಆಕ್ಸಲರೇಟರ್ ಒತ್ತುವ ನನ್ನ ಕಾಲಿನ ಮೇಲೆ ನನಗೆ ನಂಬಿಕೆ ಇರಲಿಲ್ಲ. ಎಂಜಿನ್ ಬಂದ್ ಮಾಡಿದೆ. ಹಿಂದಿನ ಬಸ್ಸಿನವನು ಹಾರ್ನ್ ಹಾಕಿ, ತಲೆ ಹೊರಗೆ ಚಾಚಿ, "ಗಾಡಿ ತಗೀರಿ! ಏನಾಗೇತಿ?" ಎಂದು ಕೂಗಿದ.

"ಏನೂ ಆಗಿಲ್ಲ" ಎಂದೆ. ಕೀಲಿಯನ್ನು ಕಿಸೆಯಲ್ಲಿ ಹಾಕಿಕೊಂಡು ಇಳಿದು, ಅವರ ಹಿಂದೆ ನಡೆದೆ.